ಕಾಡಿನ ಓದು ಮತ್ತು ನಮ್ಮ ಸುಲೇಪೇಟ

ಚಿಂಚೋಳಿ ತಾಲ್ಲೂಕಿನ ಸುಲೇಪೇಟದ ಕಡೆಯ ಮಕ್ಕಳು ಪಿಯುಸಿ ವಿಜ್ಞಾನ ಮುಗಿಸಿ ಸಿಇಟಿ ಬರೆದರೆ ಮನೆಯಲ್ಲಿ ಮಾತು ಬರುವುದು ಎಂಜಿನಿಯರಿಂಗ್‌ದು, ಇಲ್ಲವೇ ಬಿ.ಎಸ್ಸಿ. ಕೃಷಿಯದು. ಅದೇ ಸಿಇಟಿ ಮೂಲಕ ನಾಲ್ಕು ವರ್ಷದ ಬಿ.ಎಸ್ಸಿ. ಅರಣ್ಯಶಾಸ್ತ್ರಕ್ಕೂ ಸೀಟು ಸಿಗುತ್ತದೆ ಎಂಬ ಸುದ್ದಿ ಬಹಳ ಮನೆಗಳಿಗೆ ಮುಟ್ಟಿಲ್ಲ. ಚಿಂಚೋಳಿ ದಾಟಿದರೆ ಕೊಂಚಾವರಂ ಕಾಡೇ ಇರುವ ತಾಲ್ಲೂಕಿನಲ್ಲಿ ಈ ಸ್ಥಿತಿ ಎಂಬುದು ನನಗೆ ನೋವಿನ ಸಂಗತಿ.

ಡೆಹ್ರಾಡೂನಿನಲ್ಲಿ 1878ರಲ್ಲಿ ಅರಣ್ಯ ಶಾಲೆ ತೆರೆಯಿತು. ಅದು ಇಲಾಖೆಯ ನೌಕರರನ್ನು ತಯಾರು ಮಾಡುವ ಶಾಲೆ. ಸಾಮಾನ್ಯರ ಮಕ್ಕಳು ಓದಬಹುದಾದ ಪದವಿ ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಕರ್ನಾಟಕದಲ್ಲಿ 1980ರ ದಶಕದಲ್ಲಿ ಶುರುವಾದ ಈ ಓದಿಗೆ ಶಿರಸಿ ನೆಲೆಯಾಯಿತು. ಅಲ್ಲಿನ ಅರಣ್ಯ ಕಾಲೇಜು ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು. 1995ರಲ್ಲಿ ಕೊಡಗಿನ ಪೊನ್ನಂಪೇಟೆಯಲ್ಲಿ ಇನ್ನೊಂದು ಬಂತು. ಎರಡೂ ಮಲೆನಾಡಿನವು. ನಮ್ಮ ಕಲ್ಯಾಣ ಕರ್ನಾಟಕಕ್ಕೆ 2008ರಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯ ದಕ್ಕಿತು, ಅರಣ್ಯ ಕಾಲೇಜು ದಕ್ಕಲಿಲ್ಲ.

ನಮ್ಮ ಕೊಂಚಾವರಂ ಕಾಡು ಬೇರೆಯೇ ಜಾತಿಯದು. ಶಿರಸಿಯಲ್ಲಿ ವರ್ಷವಿಡೀ ಹಸಿರು; ಇಲ್ಲಿ ಬೇಸಿಗೆಗೆ ಎಲೆಯೆಲ್ಲ ಉದುರಿ, ಬರಿಗೊಂಬೆಯ ಮುತ್ತುಗ ಕೆಂಪಗೆ ಹೂ ಬಿಡುತ್ತದೆ. ಈ ಎಲೆಯುದುರುವ ಕಾಡಿನ 134.88 ಚದರ ಕಿ.ಮೀ. ಭಾಗ 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮವಾಯಿತು. ಒಳಗೆ ತೋಳ, ಕತ್ತೆಕಿರುಬಗಳಿವೆ, ಲಂಬಾಣಿ ತಾಂಡಾಗಳೂ ಇವೆ. ದನ ಮೇಯಿಸುವ ಹಕ್ಕು, ಬೆಂಕಿ, ಮರಗಳ್ಳತನ ಯಾವುದನ್ನೂ ತಾಂಡಾದವರನ್ನು ಬಿಟ್ಟು ಬಗೆಹರಿಸಲಾಗದು. ಅರಣ್ಯಶಾಸ್ತ್ರ ಪದವಿಯಲ್ಲಿ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಮರದ ಸುತ್ತಳತೆ ತೆಗೆಯುವುದನ್ನು ಕಲಿಸುತ್ತಾರೆ, ನರ್ಸರಿ, ಮಣ್ಣು, ವನ್ಯಜೀವಿ, ಸಾಮಾಜಿಕ ಅರಣ್ಯವನ್ನೂ ಕಲಿಸುತ್ತಾರೆ. ತಾಂಡಾದ ಹುಡುಗಿಯೊಬ್ಬಳು ಇದನ್ನು ಓದಿ ವಲಯ ಅರಣ್ಯಾಧಿಕಾರಿಯಾಗಿ ಬಂದರೆ ಅವಳಿಗೆ ಯಾವ ಹಾದಿ ಎಲ್ಲಿಗೆ ಹೋಗುತ್ತದೆಂದು ಹೇಳಿಕೊಡಬೇಕಿಲ್ಲ, ಊರವರೊಡನೆ ಲಂಬಾಣಿ ನುಡಿಯಾದ ಗೋರ್ ಬೋಲಿಯಲ್ಲೇ ಮಾತಾಡುತ್ತಾಳೆ. ಸೇಡಂ, ವಾಡಿ, ಶಹಾಬಾದ್ ಸೀಮೆಯಲ್ಲಿ ಕಲ್ಲು ತೆಗೆದು ಬಿಟ್ಟ ಗಣಿಗುಂಡಿಗಳ ಮೇಲೆ ಮರ ಎಬ್ಬಿಸುವ ಕೆಲಸವೂ ಇಂಥವರಿಗಾಗಿಯೇ ಕಾದಿದೆ.

ದಾರಿ ಮುಚ್ಚಿಲ್ಲ. ರೈತರ ಮಕ್ಕಳಿಗೆ ಈ ಕೋರ್ಸಿನಲ್ಲಿ ಪ್ರತ್ಯೇಕ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯಿದೆ. ತೊಗರಿ ಹೊಲದಲ್ಲಿ ಬೆಳೆದವರಿಗೆ ಬೀಜ, ಗೊಬ್ಬರ ಗುರುತಿಸುವುದು ಕಷ್ಟವಲ್ಲ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದ ಹೊರಗಿನ ರಾಜ್ಯಮಟ್ಟದ ಕಾಲೇಜುಗಳಲ್ಲೂ ಶೇ. 8 ಸೀಟು ನಮಗಿದೆ. ಪಿಯು ಕಾಲೇಜುಗಳ ಉಪನ್ಯಾಸಕರು ಅರ್ಜಿಯ ದಿನಗಳಲ್ಲಿ ಇದನ್ನು ತರಗತಿಯಲ್ಲಿ ಹೇಳಬೇಕು, ಕೃಷಿಕ ಪ್ರಮಾಣಪತ್ರವನ್ನು ತಹಸೀಲ್ ಕಚೇರಿಯಿಂದ ಮೊದಲೇ ತಂದಿಟ್ಟುಕೊಳ್ಳುವಂತೆ ಪಾಲಕರಿಗೂ ತಿಳಿಸಬೇಕು.