ಮೂರು ಪೆನ್ನಿಯ ಸುಂಕ

1763ರಲ್ಲಿ ಏಳು ವರ್ಷಗಳ ಯುದ್ಧವು ಮುಗಿದು ಕೆನಡಾ ದೇಶವು ಫ್ರೆಂಚರಿಂದ ಇಂಗ್ಲಿಷರ ವಶಕ್ಕೆ ಬಂದಾಗ, ಅಟ್ಲಾಂಟಿಕ್ ಸಾಗರದ ಪಶ್ಚಿಮ ತೀರದ ಹದಿಮೂರು ವಸಾಹತುಗಳ ಜನ ಆ ವಿಜಯವನ್ನು ತಮ್ಮದೆಂದೇ ಭಾವಿಸಿ ಸಂಭ್ರಮಪಟ್ಟರು. ಮೂರು ವರ್ಷಗಳ ಹಿಂದೆ ಪಟ್ಟವೇರಿದ್ದ ತರುಣ ದೊರೆ ಮೂರನೆಯ ಜಾರ್ಜನ ಪ್ರಜೆಗಳೆನಿಸಿಕೊಳ್ಳುವುದು ಅವರಿಗೆ ಅಭಿಮಾನದ ವಿಷಯವಾಗಿತ್ತು. ಅಲ್ಲಿಂದ ಹದಿಮೂರು ವರ್ಷಗಳು ಕಳೆಯುವಷ್ಟರಲ್ಲಿ ಆ ಪ್ರಜೆಗಳೇ ಆ ದೊರೆಯನ್ನು ಪ್ರಜಾಪೀಡಕನೆಂದು ಜಗತ್ತಿಗೆ ಸಾರಿ ಅವನ ಸೇನೆಯ ಮೇಲೆ ಕೋವಿಯೆತ್ತಿದ್ದರು. ತೆರಿಗೆಯ ಭಾರವನ್ನು ತಾಳಲಾರದೆ ಅವರು ದಂಗೆಯೆದ್ದರೆಂದು ಹೇಳುವ ವಾಡಿಕೆಯುಂಟು. ಅಂದಿನ ಲೆಕ್ಕಪತ್ರಗಳು ಆ ಮಾತಿಗೆ ಸಾಕ್ಷಿ ನುಡಿಯವು. ಇಂಗ್ಲೆಂಡಿನ ಸಾಮಾನ್ಯ ಗೃಹಸ್ಥನು ತೆರುತ್ತಿದ್ದುದರೊಡನೆ ಹೋಲಿಸಿದರೆ ಬಾಸ್ಟನ್ನಿನ ನಿವಾಸಿ ಸಾಮ್ರಾಜ್ಯಕ್ಕೆ ಸಲ್ಲಿಸುತ್ತಿದ್ದುದು ಅತ್ಯಲ್ಪ. ಕೇಳಿದ ಹಣವನ್ನಾದರೂ ಬಿಟ್ಟೇವು, ಕೇಳುವ ಅಧಿಕಾರವನ್ನು ಬಿಡೆವು ಎಂಬ ಹಟವೊಂದು ಲಂಡನ್ನಿನಲ್ಲಿ ಮರಳಿ ಮರಳಿ ತಲೆದೋರಿತು. ಯುದ್ಧದ ಮೂಲವನ್ನು ಅಲ್ಲಿ ಅರಸಬೇಕೆಂದು ನನಗೆ ತೋರುತ್ತದೆ.

ಯುದ್ಧದ ದೆಸೆಯಿಂದ ಬ್ರಿಟನ್ನಿನ ಸಾಲವು ಇಮ್ಮಡಿಯ ಸಮೀಪಕ್ಕೆ ಏರಿತ್ತು. ಅಮೆರಿಕದಲ್ಲಿ ನಿಲ್ಲಿಸಿದ ಸೈನ್ಯದ ವೆಚ್ಚದಲ್ಲಿ ಒಂದು ಪಾಲನ್ನು ಅಲ್ಲಿಯವರೇ ಹೊರಲೆಂದು ಪಾರ್ಲಿಮೆಂಟು 1765ರಲ್ಲಿ ಛಾಪಾ ಕಾನೂನನ್ನು ಮಾಡಿತು. ನ್ಯಾಯಾಲಯದ ಕಾಗದ, ಭೂಮಿಯ ಕ್ರಯಪತ್ರ, ವೃತ್ತಪತ್ರಿಕೆ, ಪಂಚಾಂಗ, ಇಸ್ಪೀಟಿನ ಎಲೆ, ಕಡೆಗೆ ಜೂಜಿನ ದಾಳಕ್ಕೂ ಸುಂಕ. ಇದರ ಪೆಟ್ಟು ಮೊದಲು ಬಿದ್ದುದು ವಕೀಲರಿಗೆ ಮತ್ತು ಮುದ್ರಕರಿಗೆ. ವಾದಿಸಬಲ್ಲವರನ್ನೂ ಆ ವಾದವನ್ನು ಅಚ್ಚು ಹಾಕಿ ಹಂಚಬಲ್ಲವರನ್ನೂ ಏಕಕಾಲದಲ್ಲಿ ಕೆಣಕಿದ ಮಂತ್ರಿಯ ವಿವೇಕವನ್ನು ಏನೆಂದು ಹೊಗಳೋಣ! ವರ್ಜೀನಿಯದಲ್ಲಿ 1619ರಿಂದಲೂ ಪ್ರತಿನಿಧಿ ಸಭೆಯಿದ್ದು, ತಮ್ಮ ಕಂದಾಯವನ್ನು ತಾವೇ ಗೊತ್ತುಮಾಡಿಕೊಳ್ಳುವುದು ವಸಾಹತುಗಳಿಗೆ ತಲೆಮಾರುಗಳ ರೂಢಿಯಾಗಿತ್ತು. ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಕೂಡಿ ವಿನಯಪೂರ್ವಕವಾಗಿಯೇ ದೊರೆಗೆ ಬಿನ್ನವಿಸಿಕೊಂಡರು. ಛಾಪಾ ಕಾಗದವನ್ನು ಹಂಚಬೇಕಾಗಿದ್ದ ಅಧಿಕಾರಿಗಳ ಮನೆಗಳನ್ನು ಮುತ್ತಿದ ಗುಂಪುಗಳಲ್ಲಿ ಆ ವಿನಯವಿರಲಿಲ್ಲ. ಮರುವರ್ಷದ ಮಾರ್ಚಿಯಲ್ಲಿ ಕಾನೂನು ರದ್ದಾಯಿತು. ಆದರೆ ಅದೇ ದಿನ, ಸಮಸ್ತ ವಿಷಯಗಳಲ್ಲಿಯೂ ವಸಾಹತುಗಳನ್ನು ಬಂಧಿಸುವ ಶಾಸನಗಳನ್ನು ರಚಿಸಲು ಪಾರ್ಲಿಮೆಂಟಿಗೆ ಸಂಪೂರ್ಣ ಅಧಿಕಾರವುಂಟೆಂದು ಘೋಷಿಸುವ ಇನ್ನೊಂದು ಕಾನೂನಿಗೂ ರಾಜಮುದ್ರೆ ಬಿದ್ದಿತು. ಸಂತೋಷದ ಗದ್ದಲದಲ್ಲಿ ಅದನ್ನು ಮನಸ್ಸಿಗೆ ತಂದುಕೊಂಡವರು ಕೆಲವರೇ.

1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ, ಚಹಾ ಇವುಗಳ ಮೇಲೆ ಸುಂಕ ಬಂತು. ವರ್ತಕರು ಇಂಗ್ಲಿಷ್ ಸರಕನ್ನೇ ತರಿಸುವುದಿಲ್ಲವೆಂದು ಕಟ್ಟುಮಾಡಿಕೊಂಡರು. 1770ರಲ್ಲಿ ಉಳಿದ ಸುಂಕಗಳೆಲ್ಲ ಹೋಗಿ ಚಹದ ಮೇಲೆ ಪೌಂಡಿಗೆ ಮೂರು ಪೆನ್ನಿ ಮಾತ್ರ ನಿಂತಿತು. ಅದನ್ನು ಉಳಿಸಿಕೊಳ್ಳಬೇಕೆಂಬ ನಿರ್ಣಯವು ಹಿಂದಿನ ವರ್ಷ ಮಂತ್ರಿಮಂಡಲದಲ್ಲಿ ಐವರು ನಾಲ್ವರನ್ನು ಮೀರಿ ಆದದ್ದು. ಒಬ್ಬನ ಅಭಿಪ್ರಾಯ ಇತ್ತ ವಾಲಿದ್ದರೆ ಕಥೆ ಹೇಗೆ ನಡೆಯುತ್ತಿತ್ತೋ!

ಆ ಮೂರು ಪೆನ್ನಿಗೆ ಜೀವ ಬರಿಸಿದ ಸಂಗತಿಗಳಲ್ಲಿ ಕೆಲವು ನಮ್ಮ ದೇಶದಲ್ಲಿ ನಡೆದವು. 1769ರ ವಸಂತದಲ್ಲಿ ಹೈದರಾಲಿಯು ಮದರಾಸಿನ ಬಾಗಿಲವರೆಗೆ ನುಗ್ಗಿ ಇಂಗ್ಲಿಷರಿಂದ ಒಪ್ಪಂದ ಬರೆಯಿಸಿಕೊಂಡನಷ್ಟೆ. ಕರ್ಣಾಟಕ್ ಪ್ರಾಂತದಲ್ಲಿ ಅವನ ದಾಳಿಗಳ ಸುದ್ದಿ ಲಂಡನ್ನನ್ನು ಮುಟ್ಟಿದೊಡನೆ ಈಸ್ಟ್ ಇಂಡಿಯಾ ಕಂಪನಿಯ ಷೇರುಗಳ ಬೆಲೆ ಕುಸಿಯಿತು. ಬೆನ್ನಿಗೇ ಬಂಗಾಳದ ಮಹಾಕ್ಷಾಮ. 1772ರಲ್ಲಿ ಯೂರೋಪಿನ ಬ್ಯಾಂಕುಗಳೇ ಮುಗ್ಗರಿಸಿದವು. ಚೀನದಿಂದ ತರಿಸಿದ ಚಹ ಮಾತ್ರ ಲಂಡನ್ನಿನ ಉಗ್ರಾಣಗಳಲ್ಲಿ ಮಾರಾಟವಾಗದೆ ಲಕ್ಷಗಟ್ಟಲೆ ಪೌಂಡು ಬಿದ್ದಿತ್ತು. ಸರ್ಕಾರವು ಕಂಪನಿಗೆ 14 ಲಕ್ಷ ಪೌಂಡುಗಳ ಸಾಲ ಕೊಟ್ಟಿತಲ್ಲದೆ, 1773ರ ಕಾನೂನಿನಿಂದ ಇಂಗ್ಲೆಂಡಿನ ಸುಂಕವನ್ನು ಹಿಂದಿರುಗಿಸಿ, ಕಂಪನಿಯೇ ಆರಿಸಿದ ಏಜೆಂಟರ ಮೂಲಕ ಚಹವನ್ನು ನೇರವಾಗಿ ಅಮೆರಿಕಕ್ಕೆ ಸಾಗಿಸುವ ಅನುಮತಿಯನ್ನೂ ಅದಕ್ಕೆ ದಯಪಾಲಿಸಿತು. ಇದರಿಂದ ಚಹ ಡಚ್ಚರ ಕಳ್ಳಸಾಗಣೆಯ ಸರಕಿಗಿಂತ ಅಗ್ಗವಾಗುವಂತಿತ್ತು. ಅಗ್ಗದ ಚಹದ ಜೊತೆಗೆ ಮೂರು ಪೆನ್ನಿಯ ಹಕ್ಕನ್ನೂ ಜನ ಕುಡಿದುಬಿಡಲಿ ಎಂಬುದೇ ಎಣಿಕೆ. ಮಸಾಚುಸೆಟ್ಸಿನ ಗವರ್ನರನ ಇಬ್ಬರು ಮಕ್ಕಳೇ ಬಾಸ್ಟನ್ನಿನ ಏಜೆಂಟರಲ್ಲಿ ಸೇರಿದ್ದರು. ಅವನು ಚಹ ಹೊತ್ತು ಬಂದ ಹಡಗುಗಳನ್ನು ಹಿಂದಿರುಗಗೊಡಲಿಲ್ಲ. ಸುಂಕದ ಕಟ್ಟೆಯವರು ಸರಕನ್ನು ಮುಟ್ಟುಗೋಲು ಹಾಕಿಕೊಳ್ಳುವ ಹಿಂದಿನ ರಾತ್ರಿ, ಡಿಸೆಂಬರ್ 16ರಂದು, ಮೋಹಾಕರೆಂಬ ಮೂಲನಿವಾಸಿಗಳ ವೇಷ ತೊಟ್ಟ ನಾಗರಿಕರು ಮೂರು ಹಡಗುಗಳನ್ನು ಹತ್ತಿ 342 ಪೆಟ್ಟಿಗೆಗಳ ಚಹವನ್ನು ಕಡಲಿಗೆ ಸುರಿದರು.

ಅಲ್ಲಿಯವರೆಗೂ ಇದನ್ನು ಒಂದು ಊರಿನ ಪುಂಡಾಟವೆನ್ನಬಹುದಾಗಿತ್ತು. ವಸಾಹತುಗಳ ಮುಖಂಡನಾದ ಫ್ರಾಂಕ್ಲಿನನಂಥವನೇ ಹಾಳಾದ ಚಹದ ಬೆಲೆಯನ್ನು ತೆತ್ತುಬಿಡುವುದು ಲೇಸೆಂದು ಸಲಹೆ ಕೊಟ್ಟ. ಆದರೆ ಪಾರ್ಲಿಮೆಂಟು ಬಂದರನ್ನೇ ಮುಚ್ಚಿ, ಮಸಾಚುಸೆಟ್ಸಿನ ಸನ್ನದನ್ನು ತಿದ್ದಿ, ಅಲ್ಲಿನ ಊರಸಭೆಗಳಿಗೂ ಗವರ್ನರನ ಅಪ್ಪಣೆ ಬೇಕೆಂದಿತು. ಒಬ್ಬರ ಸನ್ನದನ್ನು ಹೀಗೆ ತಿದ್ದಬಹುದಾದರೆ ತಮ್ಮದರ ಗತಿಯೇನೆಂಬ ಶಂಕೆ ಚಹವನ್ನೇ ನೋಡದ ವಸಾಹತುಗಳಲ್ಲಿಯೂ ಹುಟ್ಟಿತು. ಕೆರೊಲಿನದಿಂದ ಅಕ್ಕಿ, ಕನೆಕ್ಟಿಕಟ್ಟಿನಿಂದ ಕುರಿಮಂದೆ ಬಾಸ್ಟನ್ನಿಗೆ ಬಂದುವು. 1774ರ ಸೆಪ್ಟೆಂಬರಿನಲ್ಲಿ ಹನ್ನೆರಡು ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯದಲ್ಲಿ ನೆರೆದರು. 1775ರ ಏಪ್ರಿಲಿನಲ್ಲಿ ಲೆಕ್ಸಿಂಗ್ಟನ್ನಿನಲ್ಲಿ ರಕ್ತ ಚೆಲ್ಲಿದ ಮೇಲೂ ಅವರು ದೊರೆಗೆ ಮತ್ತೊಂದು ಅಹವಾಲನ್ನು ಕಳುಹಿದರೆಂಬುದು ಗಮನಾರ್ಹ. ಪಾರ್ಲಿಮೆಂಟು ದುಷ್ಟ, ದೊರೆ ಸಾಧು ಎಂಬ ಭಾವನೆ ಅಷ್ಟು ಸುಲಭವಾಗಿ ಅಳಿಯತಕ್ಕದ್ದಲ್ಲ. ದೊರೆ ಆ ಅಹವಾಲನ್ನು ಸ್ವೀಕರಿಸದೆ ಅವರನ್ನು ರಾಜದ್ರೋಹಿಗಳೆಂದು ಸಾರಿದ. ಮುಂದಿನ ಜನವರಿಯಲ್ಲಿ, ಇಂಗ್ಲೆಂಡಿನಿಂದ ಬಂದು ಇನ್ನೂ ಒಂದೂವರೆ ವರ್ಷವೂ ತುಂಬದ ಟಾಮಸ್ ಪೇನನು, ದೊರೆತನವೇ ಮೂರ್ಖಪದ್ಧತಿಯೆಂದು ಬೀದಿಯ ಜನರ ಮಾತಿನಲ್ಲಿ ಬರೆದುಬಿಟ್ಟ. ಜುಲೈ 4ರ ಸ್ವಾತಂತ್ರ್ಯ ಘೋಷಣೆಯಲ್ಲಿ ಆರೋಪಗಳ ಉದ್ದದ ಪಟ್ಟಿಯೆಲ್ಲ ದೊರೆಯ ಮೇಲೆಯೇ. ಹತ್ತು ವರ್ಷ ಯಾರೊಡನೆ ಜಗಳವಾಡಿದರೋ ಆ ಪಾರ್ಲಿಮೆಂಟಿನ ಹೆಸರನ್ನು ಕೂಡ ಅದರಲ್ಲಿ ಎತ್ತಲಿಲ್ಲ. ಸರ್ವರೂ ಸಮಾನರೆಂದು ಅದನ್ನು ಬರೆದ ಜೆಫರ್ಸನ್ನನ ತೋಟದಲ್ಲಿ ಗುಲಾಮರು ದುಡಿಯುತ್ತಿದ್ದರು. ಅವರ ಅಹವಾಲಿಗೆ ಪಟ್ಟಿಯಲ್ಲಿ ಎಡೆಯಿರಲಿಲ್ಲ.

ಯುದ್ಧವು 1783ರವರೆಗೆ ನಡೆಯಿತು. ಯಾರ್ಕ್‌ಟೌನಿನಲ್ಲಿ 1781ರಲ್ಲಿ ಸೈನ್ಯಸಮೇತ ಶರಣಾದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನು ಐದು ವರ್ಷಗಳ ತರುವಾಯ ಗವರ್ನರ್ ಜನರಲನಾಗಿ ಕಲ್ಕತ್ತೆಗೆ ಬಂದಿಳಿದು, 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪುವಿನಿಂದ ಅರ್ಧ ರಾಜ್ಯವನ್ನೂ ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಪಡೆದುಕೊಂಡ. ಛಾಪಾ ಕಾನೂನು ಹೊರಟ ವರ್ಷವೇ, ಎಂದರೆ 1765ರಲ್ಲಿ, ಮೊಗಲ್ ಬಾದಶಹನ ಫರ್ಮಾನಿನಿಂದ ಬಂಗಾಳದ ದಿವಾನಿ, ಎಂದರೆ ಕಂದಾಯ ವಸೂಲಿಯ ಹಕ್ಕು, ಕಂಪನಿಗೆ ದೊರೆತಿತ್ತು. ಅಲ್ಲಿ ಕಂದಾಯಕ್ಕೆ ಸಮ್ಮತಿ ಕೊಡುವ ಸಭೆಯೂ ಇರಲಿಲ್ಲ, ಅಚ್ಚಿನ ಪತ್ರಿಕೆಯೂ ಇರಲಿಲ್ಲ. ಆ ಪ್ರಾಂತದ ಭೂಕಂದಾಯವನ್ನು ಕಾರ್ನ್‌ವಾಲಿಸನು 1793ರಲ್ಲಿ ಜಮೀನ್ದಾರರೊಡನೆ ಶಾಶ್ವತವಾಗಿ ಗೊತ್ತುಮಾಡಿದ. ರೈತನನ್ನು ಕೇಳಬೇಕೆಂದು ಯಾರಿಗೂ ತೋರಲಿಲ್ಲ.