ಒಂದು ಲೀಟರ್ ನೀರು, ಒಂದು ಪೊಟ್ಟಣ: ಮಕ್ಕಳ ಪ್ರಾಣ ಕಾಯುವ ಓ.ಆರ್.ಎಸ್.

ಮಳೆಗಾಲ ಆರಂಭವಾಗುತ್ತಿದ್ದಂತೆ ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ವಾಂತಿಭೇದಿಯ ಆತಂಕವೂ ಆರಂಭವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಇಂದಿಗೂ ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 4.4 ಲಕ್ಷ ಮಕ್ಕಳು ಪ್ರತಿವರ್ಷ ಅತಿಸಾರದಿಂದ ಸಾಯುತ್ತಾರೆ. 1980ರ ಸುಮಾರಿಗೆ ಈ ಸಂಖ್ಯೆ 40 ಲಕ್ಷವನ್ನೂ ಮೀರಿತ್ತು. ಇಳಿಕೆಗೆ ಶುದ್ಧ ನೀರು, ಶೌಚಾಲಯ, ಲಸಿಕೆ, ಪೌಷ್ಟಿಕ ಆಹಾರ ಇವೆಲ್ಲವೂ ಕಾರಣ. ಆದರೆ ಅವುಗಳ ನಡುವೆ ಪ್ರಮುಖ ಸ್ಥಾನ ಪಡೆದಿರುವುದು ಕೆಲವೇ ರೂಪಾಯಿ ಬೆಲೆಯ ಒಂದು ಪುಡಿಯ ಪೊಟ್ಟಣ. ಅದರ ಹಿನ್ನೆಲೆಯನ್ನೂ ಬಳಕೆಯ ಕ್ರಮವನ್ನೂ ಸದ್ಭಕ್ತರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಮಗು ಸಾಯುವುದು ಯಾವುದರಿಂದ?

ಅತಿಸಾರದಲ್ಲಿ ಮಗುವಿನ ಪ್ರಾಣಕ್ಕೆ ಎರವಾಗುವುದು ಬಹುಮಟ್ಟಿಗೆ ದೇಹದಿಂದ ಹರಿದುಹೋಗುವ ನೀರು ಮತ್ತು ಲವಣಗಳ ಕೊರತೆ. ಬರೀ ನೀರು ಕುಡಿಸಿದರೆ ಲವಣದ ನಷ್ಟ ತುಂಬುವುದಿಲ್ಲ, ರೋಗಪೀಡಿತ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದೂ ಇಲ್ಲ. 1960ರಲ್ಲಿ ಪ್ರಾಗ್ ನಗರದ ವಿದ್ವತ್ಸಭೆಯೊಂದರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಒಂದು ಮಹತ್ವದ ವಿಚಾರವನ್ನು ಮಂಡಿಸಿದರು. ಕರುಳಿನ ಗೋಡೆಯ ಮೂಲಕ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿ ಒಳಸೇರುತ್ತವೆ ಎಂಬುದೇ ಆ ವಿಚಾರ. ಅವುಗಳನ್ನು ಹಿಂಬಾಲಿಸಿ ನೀರೂ ಒಳಹೋಗುತ್ತದೆ. ಕಾಲರಾದಂತಹ ಉಗ್ರ ರೋಗದಲ್ಲಿಯೂ ಈ ದಾರಿ ಮುಚ್ಚುವುದಿಲ್ಲ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಲಿನ್, ರಿಚರ್ಡ್ ಕ್ಯಾಶ್ ಮತ್ತು ಅವರ ಬಂಗಾಳಿ ಸಹೋದ್ಯೋಗಿಗಳು ಕಾಲರಾ ರೋಗಿಗಳಿಗೆ ಸಕ್ಕರೆ-ಲವಣದ ದ್ರಾವಣವನ್ನು ಕುಡಿಸಿ, ರಕ್ತನಾಳಕ್ಕೆ ನೀಡಬೇಕಾದ ದ್ರವದ ಪ್ರಮಾಣವನ್ನು ಬಹುಪಾಲು ತಗ್ಗಿಸಬಹುದೆಂದು ತೋರಿಸಿದರು.

ಬನಗಾಂವ್ ಶಿಬಿರ, 1971

ಆಸ್ಪತ್ರೆಯೊಳಗೆ ಸಾಧ್ಯವಾದದ್ದು ಹೊರಗೂ ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಹು ದೊಡ್ಡ ಸಂಕಟದ ನಡುವೆ. ಬಾಂಗ್ಲಾದೇಶದ ವಿಮೋಚನಾ ಯುದ್ಧದ ಕಾಲದಲ್ಲಿ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಪಶ್ಚಿಮ ಬಂಗಾಳದ ಗಡಿಯ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ಅಲ್ಲಿಗೆ ಬಂದ ವೈದ್ಯ ದಿಲೀಪ್ ಮಹಲನಬಿಸ್ ಅವರ ಮುಂದಿದ್ದದ್ದು ಎರಡು ಕೋಣೆಗಳು, ಹದಿನಾರು ಹಾಸಿಗೆಗಳು, ನೆಲದ ಮೇಲೂ ಒತ್ತೊತ್ತಾಗಿ ಮಲಗಿದ್ದ ರೋಗಿಗಳು ಮತ್ತು ಮುಗಿದುಹೋಗುತ್ತಿದ್ದ ಸಲೈನ್ ದಾಸ್ತಾನು.

ಅವರು ಕಲ್ಕತ್ತೆಯಲ್ಲಿ ಗ್ಲೂಕೋಸ್, ಅಡುಗೆ ಉಪ್ಪು ಮತ್ತು ಅಡುಗೆ ಸೋಡಾಗಳನ್ನು ತೂಗಿಸಿ ಪೊಟ್ಟಣ ಕಟ್ಟಿಸಿದರು. ಪ್ರತಿ ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಸೋಡಾ ಎಂಬ ಲೆಕ್ಕ. ನಲ್ಲಿಯಿರುವ ಡ್ರಮ್ಮುಗಳಲ್ಲಿ ದ್ರಾವಣವನ್ನು ತುಂಬಿಟ್ಟು, ರೋಗಿಗಳ ಬಂಧುಗಳೇ ಲೋಟದಲ್ಲಿ ಹಿಡಿದು ಕುಡಿಸುವ ವ್ಯವಸ್ಥೆ ಮಾಡಿದರು. ಶಿಕ್ಷಣವಿಲ್ಲದ ತಾಯಂದಿರ ಕೈಗೆ ಚಿಕಿತ್ಸೆಯನ್ನು ಒಪ್ಪಿಸುವುದು ಅಪಾಯವೆಂದು ಅಂದಿನ ವೈದ್ಯಲೋಕ ಭಾವಿಸಿತ್ತು. ಆದರೆ ಶಿಬಿರಗಳಲ್ಲಿ ಶೇ. 30ರವರೆಗೂ ಇದ್ದ ಸಾವಿನ ಪ್ರಮಾಣ, ಅವರು ಹೀಗೆ ಉಪಚರಿಸಿದ ರೋಗಿಗಳಲ್ಲಿ ಶೇ. 3.6ಕ್ಕೆ ಇಳಿಯಿತು. ಡಾ. ಮಹಲನಬಿಸ್ 2022ರಲ್ಲಿ ನಿಧನರಾದರು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಣೆಯಾಯಿತು. ಹೀಗೆ ಕೋಟ್ಯಂತರ ಮಕ್ಕಳಿಗೆ ನೆರವಾದ ಈ ವಿಧಾನ ಬದುಕಿದ್ದಾಗ ಅವರ ಹೆಸರನ್ನು ನಮ್ಮ ಮನೆಗಳಿಗೆ ತಲುಪಿಸಲಿಲ್ಲ.

ಮನೆಮನೆಯ ಪಾಠ

ಪೊಟ್ಟಣ ತಲುಪದ ಹಳ್ಳಿಗಳ ಗತಿಯೇನು? ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 1980ರಿಂದ ಹತ್ತು ವರ್ಷಗಳ ಕಾಲ ಮನೆಮನೆಗೆ ಕಾರ್ಯಕರ್ತೆಯರನ್ನು ಕಳುಹಿಸಿ, ಸುಮಾರು 1.2 ಕೋಟಿ ಮನೆಗಳ ತಾಯಂದಿರಿಗೆ ಉಪ್ಪು, ಬೆಲ್ಲ ಮತ್ತು ನೀರಿನ ಅಳತೆಯನ್ನು ಕಲಿಸಿತು. ಕಾರ್ಯಕರ್ತೆಗೆ ಸಂಭಾವನೆ ದೊರೆಯುತ್ತಿದ್ದದ್ದು ತಾಯಿ ಎಷ್ಟು ನೆನಪಿಟ್ಟುಕೊಂಡಿದ್ದಾಳೆ ಎಂಬುದರ ಮೇಲೆ. ಮೊದಮೊದಲು ತಾಯಂದಿರು ಪಾಠವನ್ನು ಒಪ್ಪಿಸಿದರೂ ಕಾಯಿಲೆ ಬಂದಾಗ ಬಳಸುತ್ತಿರಲಿಲ್ಲ. ವಿಚಾರಿಸಿದಾಗ, ಕಲಿಸುವವರಿಗೇ ಅದರ ಮೇಲೆ ನಂಬಿಕೆಯಿಲ್ಲದಿರುವುದೂ ಕಾರಣವೆಂದು ತಿಳಿಯಿತು. ಸಂಸ್ಥೆ ಮೊದಲು ಅವರ ಮನಸ್ಸನ್ನು ತಿದ್ದಿತು, ಮನೆಯ ಗಂಡಸರಿಗೂ ತಿಳಿಹೇಳಿತು. ಆಮೇಲೆ ಬಳಕೆ ಹೆಚ್ಚಿತು.

ನಮ್ಮ ನಾಡಿನಲ್ಲಿ ಕಂಡದ್ದು

ಇಷ್ಟೆಲ್ಲ ಆಗಿಯೂ ಜಗತ್ತಿನಲ್ಲಿ ಅತಿಸಾರಕ್ಕೆ ತುತ್ತಾಗುವ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಓ.ಆರ್.ಎಸ್. ದೊರೆಯುತ್ತಿಲ್ಲ. ಇದರ ಕಾರಣವನ್ನು ಅರಸಿ ನಮ್ಮ ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ ನಡೆದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದವರು ಎರಡು ವರ್ಷದ ಮಗುವಿನ ತಂದೆಯಂತೆ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಬಳಿಗೆ ಹೋದರು. ಚಿಕಿತ್ಸಕರು ಓ.ಆರ್.ಎಸ್. ಬರೆಯದಿರಲು ಮುಖ್ಯ ಕಾರಣ ದಾಸ್ತಾನಿನ ಕೊರತೆಯಾಗಲಿ ಹಣದಾಸೆಯಾಗಲಿ ಆಗಿರಲಿಲ್ಲ. ‘ಜನರಿಗೆ ಇದು ಬೇಡ’ ಎಂಬ ಅವರ ತಪ್ಪು ಊಹೆಯೇ ಮುಖ್ಯ ಕಾರಣವಾಗಿತ್ತು. ತಂದೆ ತಾನಾಗಿಯೇ ಓ.ಆರ್.ಎಸ್. ಬಗ್ಗೆ ಒಲವು ತೋರಿದಾಗ, ಅದನ್ನು ಬರೆದುಕೊಟ್ಟವರ ಪ್ರಮಾಣ ಶೇಕಡಾ ಲೆಕ್ಕದಲ್ಲಿ 27 ಅಂಶಗಳಷ್ಟು ಏರಿತು.

ಈ ಫಲಿತಾಂಶವನ್ನು ನಾವು ಬಹಳ ಮುಖ್ಯವೆಂದು ಭಾವಿಸುತ್ತೇವೆ. ಮಗುವನ್ನು ವೈದ್ಯರ ಬಳಿ ಕರೆದೊಯ್ದಾಗ ‘ಓ.ಆರ್.ಎಸ್. ಕೊಡಬಹುದೇ?’ ಎಂದು ಕೇಳುವ ಒಂದು ಮಾತಿಗೆ ಅಷ್ಟು ಬಲವಿದೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಓ.ಆರ್.ಎಸ್. ಎಂಬ ಅಕ್ಷರಗಳನ್ನು ಹೊತ್ತ ಸಿಹಿ ಪಾನೀಯಗಳು ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಸಕ್ಕರೆಯಂಶ ಹೆಚ್ಚಿದ್ದು ಲವಣ ಕಡಿಮೆಯಿದ್ದರೆ ಭೇದಿ ಉಲ್ಬಣಿಸುತ್ತದೆ. 2025ರ ಅಕ್ಟೋಬರಿನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಇಂತಹ ಪಾನೀಯಗಳ ಮೇಲೆ ಆ ಹೆಸರನ್ನು ಬಳಸಕೂಡದೆಂದು ಆದೇಶಿಸಿತು. ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಾದದ್ದು ಎಂಬ ಬರಹವಿರುವ ಪೊಟ್ಟಣವನ್ನೇ ಔಷಧದ ಅಂಗಡಿಯಲ್ಲಿ ಕೇಳಿ ಪಡೆಯಬೇಕು.

ಮನೆಯಲ್ಲಿ ಅನುಸರಿಸಬೇಕಾದ ಕ್ರಮ

‘ಭೇದಿಯಾಗುವಾಗ ನೀರು ಕೊಟ್ಟರೆ ಭೇದಿ ಹೆಚ್ಚಾಗುತ್ತದೆ, ಹೊಟ್ಟೆಗೆ ವಿಶ್ರಾಂತಿ ಬೇಕು’ ಎಂಬ ಮಾತನ್ನು ಹಿರಿಯರಿಂದ ನಾವು ಇಂದಿಗೂ ಕೇಳುತ್ತೇವೆ. ಮಕ್ಕಳ ಮೇಲಿನ ಅಕ್ಕರೆಯಿಂದಲೇ ಹುಟ್ಟಿದ ಈ ನಂಬಿಕೆ ಮಕ್ಕಳಿಗೇ ಮುಳುವಾಗುತ್ತದೆ. ಆದ್ದರಿಂದ ಈ ಅಂಶಗಳನ್ನು ನೆನಪಿಡಬೇಕು:

1. ಪೊಟ್ಟಣದ ಮೇಲೆ ಎಷ್ಟು ನೀರೆಂದು ಬರೆದಿದೆಯೋ ಅಷ್ಟೇ ಶುದ್ಧ ನೀರಿನಲ್ಲಿ ಇಡೀ ಪೊಟ್ಟಣವನ್ನು ಕರಗಿಸಬೇಕು. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್, ಚಿಕ್ಕದಕ್ಕೆ 200 ಮಿ.ಲೀ. ಹಾಲು, ಹಣ್ಣಿನ ರಸ, ಹೆಚ್ಚಿನ ಸಕ್ಕರೆ ಸೇರಿಸಬಾರದು. 24 ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಬೇಕು.
2. ಪ್ರತಿ ಬಾರಿ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿ.ಲೀ. ಚಮಚ ಚಮಚವಾಗಿ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನವಾಗಿ ಕೊಡಬೇಕು.
3. ಎದೆಹಾಲನ್ನು ನಿಲ್ಲಿಸಬಾರದು. ಊಟ ಮಾಡುವ ಮಗುವಿಗೆ ಗಂಜಿ, ಬೇಳೆಕಟ್ಟು, ಮೊಸರನ್ನದಂತಹ ಮೆದು ಆಹಾರ ಕೊಡುತ್ತಿರಬೇಕು.
4. ಜೊತೆಗೆ 14 ದಿನ ಜಿಂಕ್ ಮಾತ್ರೆ ಕೊಡಿಸಬೇಕು. ಪ್ರಮಾಣವನ್ನು ವೈದ್ಯರು ಅಥವಾ ಆಶಾ ಕಾರ್ಯಕರ್ತೆಯರು ತಿಳಿಸುತ್ತಾರೆ. ಭೇದಿ ನಿಂತಿತೆಂದು ನಡುವೆ ಬಿಡಬಾರದು.
5. ಪೊಟ್ಟಣ ಸಿಗದಿದ್ದಲ್ಲಿ, ಸಿಗುವವರೆಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಮಟ್ಟವಾಗಿ ಅಳೆದು ಹಾಕಬಹುದು. ಉಪ್ಪು ಹೆಚ್ಚಾದರೆ ಅಪಾಯ.

ಮಗು ಕುಡಿಯಲಾರದಷ್ಟು ಬಳಲಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಮೂತ್ರ ನಿಂತಿದ್ದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ವಾಂತಿ ನಿಲ್ಲದಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು. ದಾರಿಯುದ್ದಕ್ಕೂ ಸಾಧ್ಯವಾದಷ್ಟು ಓ.ಆರ್.ಎಸ್. ಕುಡಿಸುತ್ತಿರಬೇಕು.

ಭಕ್ತರಲ್ಲಿ ನಮ್ಮ ವಿನಂತಿ

ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಆಶಾ ಕಾರ್ಯಕರ್ತೆಯರ ಮೂಲಕ ಸರ್ಕಾರವು ಪೊಟ್ಟಣಗಳನ್ನು ಉಚಿತವಾಗಿ ಒದಗಿಸುತ್ತದೆ. ಮನೆಯಲ್ಲಿ ಉಪ್ಪಿನ ಡಬ್ಬಿಯಿರುವಂತೆ ಎರಡು ಪೊಟ್ಟಣಗಳೂ ಇರಲಿ. ಜಾತ್ರೆ, ದಾಸೋಹ, ಸಾಮೂಹಿಕ ವಿವಾಹಗಳ ಹೊಣೆ ಹೊತ್ತವರು ಕುಡಿಯುವ ನೀರಿನ ಶುದ್ಧತೆಗೂ ಕೈತೊಳೆಯುವ ಸಾಬೂನಿಗೂ ಗಮನ ಕೊಟ್ಟು, ಪೊಟ್ಟಣಗಳ ಒಂದು ಪೆಟ್ಟಿಗೆಯನ್ನು ಸಿದ್ಧವಾಗಿಟ್ಟಿರಲಿ. ಕಟ್ಟಡದ ಕೆಲಸಕ್ಕೆ, ಕಬ್ಬು ಕಡಿಯಲು ವಲಸೆ ಬಂದ ಕುಟುಂಬಗಳ ಗುಡಿಸಲುಗಳು ನಮ್ಮ ಊರಿನ ಅಂಚಿನಲ್ಲಿಯೇ ಇರುತ್ತವೆ. ಅಲ್ಲಿನ ಮಕ್ಕಳ ಹೆಸರು ಅಂಗನವಾಡಿಯ ಪಟ್ಟಿಯಿಂದ ತಪ್ಪಿಹೋಗುವ ಸಂಭವ ಹೆಚ್ಚು. ಈ ಮಳೆಗಾಲದಲ್ಲಿ ಪ್ರತಿ ಊರಿನ ಭಕ್ತರೂ ಒಮ್ಮೆ ಆ ಗುಡಿಸಲುಗಳತ್ತ ಹೋಗಿ, ಅಲ್ಲಿನ ತಾಯಂದಿರಿಗೆ ಪೊಟ್ಟಣವನ್ನು ಕೊಟ್ಟು, ಕಲಸುವ ಬಗೆಯನ್ನು ಅವರ ಕೈಯಿಂದಲೇ ಮಾಡಿಸಿ ತೋರಿಸಿ ಬರಬೇಕೆಂದು ಕೋರುತ್ತೇವೆ.