ನೀಲಿ ಚುಕ್ಕಿಯ ಆಯಸ್ಸು

ಕಳೆದ ತಿಂಗಳು ಮನೆಗೊಂದು ಟಿ.ವಿ. ನೋಡಲು ಹೋದಾಗ ಅಂಗಡಿಯ ಹುಡುಗ ‘ಕ್ಯೂಎಲ್‌ಇಡಿ’ ಎಂಬ ಹೆಸರಿನ ಮುಂದೆ ನಿಂತು, ‘ಇದ್ರಲ್ಲಿ ಕ್ವಾಂಟಂ ಚುಕ್ಕಿಗಳೇ ಬೆಳಕು ಕೊಡೋದು ಸಾರ್’ ಎಂದ. ಅವನ ಮಾತು ಅರ್ಧ ನಿಜ. ಆ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಟಿ.ವಿ.ಗಳಲ್ಲಿ ಬೆಳಕು ಕೊಡುವುದು ಪರದೆಯ ಹಿಂದಿರುವ ನೀಲಿ ಎಲ್‌ಇಡಿ. ಚುಕ್ಕಿಗಳು ಆ ನೀಲಿಯನ್ನು ನುಂಗಿ ಅಚ್ಚ ಕೆಂಪು, ಅಚ್ಚ ಹಸಿರು ಬೆಳಕಾಗಿ ಉಗುಳುತ್ತವೆ, ಅಷ್ಟೆ. ಚುಕ್ಕಿಗೇ ವಿದ್ಯುತ್ ಹಾಯಿಸಿ ಅದನ್ನೇ ದೀಪವಾಗಿಸುವುದು ಬೇರೆಯದೇ ಕತೆ.

ಆ ಕತೆ ಆರಂಭವಾಗುವುದು ಬಣ್ಣದ ಗಾಜಿನಿಂದ. ಒಂದೇ ವಸ್ತುವನ್ನು ಬೆರೆಸಿದ ಗಾಜು ಕಾಯಿಸಿ ತಣಿಸುವ ರೀತಿಗೆ ತಕ್ಕಂತೆ ಬೇರೆ ಬೇರೆ ಬಣ್ಣ ತಾಳುವುದು ಗಾಜು ಮಾಡುವವರಿಗೆ ಗೊತ್ತಿತ್ತು. ಏಕೆಂಬುದು ಗೊತ್ತಿರಲಿಲ್ಲ. ಲೆನಿನ್‌ಗ್ರಾಡಿನ ವವಿಲೊವ್ ದೃಗ್ವಿಜ್ಞಾನ ಸಂಸ್ಥೆಯಲ್ಲಿದ್ದ ಅಲೆಕ್ಸಿ ಎಕಿಮೊವ್, ತಾಮ್ರದ ಕ್ಲೋರೈಡ್ ಬೆರೆಸಿದ ಗಾಜನ್ನು ಒಂದು ಗಂಟೆಯಿಂದ 96 ಗಂಟೆಗಳವರೆಗೆ ಕಾಯಿಸಿ ನೋಡಿದರು. ಒಳಗೆ ಮೂಡಿದ ಹರಳಿನ ಕಣ ಚಿಕ್ಕದಾದಷ್ಟೂ ಅದು ಹೀರುವ ಬೆಳಕು ನೀಲಿಯ ಕಡೆಗೆ ಸರಿಯುತ್ತಿತ್ತು. 1981ರಲ್ಲಿ ಸೋವಿಯತ್ ಪತ್ರಿಕೆಯೊಂದರಲ್ಲಿ ಇದು ಪ್ರಕಟವಾಯಿತು. ಶೀತಲ ಸಮರದ ಕಾಲ. ಅಮೆರಿಕದ ಬೆಲ್ ಪ್ರಯೋಗಾಲಯದ ಲೂಯಿ ಬ್ರೂಸ್ ಅವರಿಗೆ ಈ ಸುದ್ದಿ ತಿಳಿಯಲೇ ಇಲ್ಲ. ಮೇಜಿನ ಮೇಲೆ ಬಿಟ್ಟಿದ್ದ ದ್ರಾವಣದಲ್ಲಿ ಕಣಗಳು ಬೆಳೆದು, ಬೆಳಕಿಗೆ ಅವು ಸ್ಪಂದಿಸುವ ರೀತಿಯೇ ಬದಲಾದುದನ್ನು ಕಂಡು 1983ರಲ್ಲಿ ಅವರೂ ಅದೇ ತೀರ್ಮಾನಕ್ಕೆ ಬಂದರು. ಬಣ್ಣವನ್ನು ನಿರ್ಧರಿಸುವುದು ವಸ್ತುವಷ್ಟೇ ಅಲ್ಲ, ಗಾತ್ರವೂ ಹೌದು.

ಒಂದೇ ಅಳತೆಯ ಚುಕ್ಕಿಗಳನ್ನು ಮಾಡುವುದು ಮಾತ್ರ ಸುಲಭವಿರಲಿಲ್ಲ. 1993ರಲ್ಲಿ ಎಂಐಟಿಯ ಮೌಂಗಿ ಬವೆಂಡಿ, ಕುದಿಯುವಷ್ಟು ಬಿಸಿಯಾದ ದ್ರಾವಕಕ್ಕೆ ರಾಸಾಯನಿಕಗಳನ್ನು ಒಮ್ಮೆಲೇ ಚುಚ್ಚಿ ಸೇರಿಸುವ ವಿಧಾನದಿಂದ ಅದನ್ನು ಸಾಧಿಸಿದರು. ಈ ಮೂವರಿಗೇ 2023ರ ರಸಾಯನ ವಿಜ್ಞಾನದ ನೊಬೆಲ್.

ಮರುವರ್ಷವೇ, 1994ರಲ್ಲಿ, ಬರ್ಕ್ಲಿಯ ಪಾಲ್ ಅಲಿವಿಸಾಟೊಸ್ ತಂಡ ಚುಕ್ಕಿಗೆ ವಿದ್ಯುತ್ ಹಾಯಿಸಿ ಬೆಳಗಿಸಿತು. ಆದರೆ ಬೆಳಕು ಎಷ್ಟು? ಹತ್ತು ಸಾವಿರ ಎಲೆಕ್ಟ್ರಾನ್ ಹೋದರೆ ಹೊರಬರುವ ಬೆಳಕಿನ ಕಣ ಹೆಚ್ಚೆಂದರೆ ಒಂದು! 2002ರಲ್ಲಿ ಎಂಐಟಿಯ ತಂಡ ಒಂದೇ ಪದರ ಚುಕ್ಕಿಗಳನ್ನು ಸಾವಯವ ಪದರಗಳ ನಡುವೆ ಇಟ್ಟು ದಕ್ಷತೆಯನ್ನು 25 ಪಟ್ಟು ಏರಿಸಿತು. ಆದರೂ ಮಾರುಕಟ್ಟೆ ದೂರವೇ ಇತ್ತು.

ತೊಡಕು ಎಲ್ಲಿ ಎಂದರೆ, ಚುಕ್ಕಿ ಬೆಳಗಬೇಕಾದರೆ ಒಂದು ಕಡೆಯಿಂದ ಎಲೆಕ್ಟ್ರಾನ್, ಇನ್ನೊಂದು ಕಡೆಯಿಂದ ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗ, ವಿಜ್ಞಾನಿಗಳ ಮಾತಿನಲ್ಲಿ ‘ರಂಧ್ರ’, ಎರಡೂ ಬಂದು ಕೂಡಬೇಕು. ಎಲೆಕ್ಟ್ರಾನ್‌ಗಳು ದಡದಡನೆ ಬರುತ್ತವೆ, ರಂಧ್ರಗಳು ತಡವಾಗಿ. ಜತೆ ಸಿಗದ ಎಲೆಕ್ಟ್ರಾನ್‌ಗಳು ಚುಕ್ಕಿಯಲ್ಲಿ ಜಮಾಯಿಸಿದರೆ ಬೆಳಕಾಗಬೇಕಾದ ಶಕ್ತಿ ಬಿಸಿಯಾಗಿ ಹೋಗುತ್ತದೆ, ಪದರಗಳೂ ಹಾಳಾಗುತ್ತವೆ. ದಕ್ಷತೆ ಕಡಿಮೆ, ಆಯಸ್ಸೂ ಕಡಿಮೆ. ಎರಡಕ್ಕೂ ರೋಗ ಬಹುಮಟ್ಟಿಗೆ ಒಂದೇ.

2014ರಲ್ಲಿ ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಕಂಡುಕೊಂಡ ಮದ್ದು ಕೇಳಿದರೆ ನಗು ಬರುತ್ತದೆ. ವಿದ್ಯುತ್ ಹರಿಯಲೇಬಾರದ ಪ್ಲಾಸ್ಟಿಕ್ಕಿನ, ಅಂದರೆ ಅಕ್ರಿಲಿಕ್ಕಿನ, ತೆಳು ಪೊರೆಯೊಂದನ್ನು ಎಲೆಕ್ಟ್ರಾನ್‌ಗಳ ದಾರಿಗೆ ಅಡ್ಡ ಇಟ್ಟರು. ಎಲೆಕ್ಟ್ರಾನ್‌ಗಳ ನುಗ್ಗಾಟ ತಗ್ಗಿತು, ಲೆಕ್ಕ ಸರಿದೂಗಿತು. ಕೆಂಪು ದೀಪದ ದಕ್ಷತೆ ಶೇ 20.5ಕ್ಕೆ ಏರಿತು, ಆಯಸ್ಸು ಒಂದು ಲಕ್ಷ ಗಂಟೆ ದಾಟಿತು. ಇಲ್ಲಿ ಆಯಸ್ಸು ಎಂದರೆ ಪ್ರಕಾಶ ಅರ್ಧಕ್ಕಿಳಿಯುವ ಹೊತ್ತು.

ಇಷ್ಟಾದರೂ ಅವು ಕ್ಯಾಡ್ಮಿಯಂ ಚುಕ್ಕಿಗಳು. ಕ್ಯಾಡ್ಮಿಯಂ ವಿಷ, ವಿದ್ಯುನ್ಮಾನ ಸಾಮಗ್ರಿಗಳಲ್ಲಿ ಅದರ ಬಳಕೆಗೆ ಯುರೋಪ್ ಕಟ್ಟುನಿಟ್ಟಿನ ಮಿತಿ ಹಾಕಿದೆ. 2019ರಲ್ಲಿ ಸ್ಯಾಮ್ಸಂಗ್ ವಿಜ್ಞಾನಿಗಳು ಇಂಡಿಯಂ ಫಾಸ್ಫೈಡಿನ ಚುಕ್ಕಿ ತೆಗೆದುಕೊಂಡು, ಅದರ ತಿರುಳಿಗೆ ಅಂಟಿದ ಆಕ್ಸೈಡನ್ನು ಆಮ್ಲದಿಂದ ತೊಳೆದು, ಮೇಲೆ ದಪ್ಪ ಚಿಪ್ಪು ಹೊದಿಸಿದರು. ಕೆಂಪಿನ ದಕ್ಷತೆ ಶೇ 21.4, ಆಯಸ್ಸು ಹತ್ತು ಲಕ್ಷ ಗಂಟೆ. ಅಂದರೆ 114 ವರ್ಷ! ಅಷ್ಟು ಕಾಲ ಯಾರೂ ಕಾದು ಕುಳಿತಿಲ್ಲ, ಎಂಬುದನ್ನು ಓದುಗರು ಮರೆಯಬಾರದು. ಹೆಚ್ಚು ಪ್ರಕಾಶದಲ್ಲಿ ಉರಿಸಿ, ಎಷ್ಟು ಬೇಗ ಮಂಕಾಗುತ್ತದೆಂದು ನೋಡಿ, ಮಂದ ಬೆಳಕಿಗೆ ಲೆಕ್ಕ ಹಾಕಿ ಹೇಳುವ ಅಂಕಿ ಅದು.

ಉಳಿದದ್ದು ನೀಲಿ. ಅದರ ಶಕ್ತಿ ಹೆಚ್ಚು. ರಂಧ್ರಗಳು ನೀಲಿ ಚುಕ್ಕಿಯೊಳಗೆ ಹೊಗುವುದು ಇನ್ನೂ ಕಷ್ಟ. ಅದೇ ಕಂಪನಿಯ ತಂಡ 2020ರಲ್ಲಿ ಸತು, ಟೆಲ್ಯೂರಿಯಂ, ಸೆಲೆನಿಯಂ ಸೇರಿಸಿ ಕ್ಯಾಡ್ಮಿಯಂ ಇಲ್ಲದ ನೀಲಿ ಚುಕ್ಕಿ ಮಾಡಿತು. ಮೈಮೇಲಿನ ಉದ್ದನೆಯ ಅಣುಗಳನ್ನು ತೆಗೆದು ಕ್ಲೋರೈಡ್ ಹಚ್ಚಿತು. ದಕ್ಷತೆ ಶೇ 20.2ಕ್ಕೆ ಬಂತು. ಆಯಸ್ಸು 15,850 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಉರಿಸಿದರೆ ಐದೂವರೆ ವರ್ಷಕ್ಕೂ ಸ್ವಲ್ಪ ಕಡಿಮೆ. ಅದೂ ಚದರ ಮೀಟರಿಗೆ 100 ಕ್ಯಾಂಡೆಲಾದ ಮಂದ ಬೆಳಕಿನಲ್ಲಿ. ಹಗಲು ಹೊತ್ತು ಕಿಟಕಿ ತೆರೆದ ಹಜಾರದಲ್ಲಿ ಟಿ.ವಿ. ನೋಡಲು ಅದರ ಹಲವು ಪಟ್ಟು ಬೇಕು. ಕೆಂಪು, ಹಸಿರು ಗಟ್ಟಿಯಾಗಿದ್ದು ನೀಲಿಯೊಂದೇ ಮಂಕಾದರೆ ಪರದೆಯ ಬಿಳಿ ಹಳದಿಗೆ ತಿರುಗುತ್ತದೆ.